ಸಿಹಿ ಕಾಯಿಲೆಗೆ ಬಿಂಬುಳಿ ಮದ್ದು

ನಮ್ಮ ಚಿಕ್ಕ ಮಾವನ ಪ್ರಕಾರ ಈ ಲೋಕದಲ್ಲಿ ಸರಿಯಾಗದ್ದು ಯಾವುದೂ ಇಲ್ಲ. ಉಪ್ಪು, ಹುಳಿ, ಬೆಲ್ಲ ಮೂರು ಕೈಗೆಟುಕುವಂತಿದ್ದರೆ ಸಾಕು! ನನ್ನ ಯಜಮಾನರ ಚಿಕ್ಕಪ್ಪ ಅವರು. ಮದುವೆಯಾಗಲಿಲ್ಲ. ಕೋಟ, ಸಾಲಿಗ್ರಾಮದ ಕಡೆ ಊಟದ ಮನೆಗಳಲ್ಲಿ ಆಯುಷ್ಯವಿಡೀ ಅಡಿಗೆ ಭಟ್ಟರಾಗಿ ಕೊಪ್ಪರಿಗೆ ಇಳಿಸಿ, ಈಗ ನಮ್ಮ ಮನೆಯಲ್ಲಿ ಸಟ್ಟುಗ ಮಾತ್ರ ಕೆಳಗಿಡದೆ ನಿವೃತ್ತರಾಗಿದ್ದಾರೆ.

ಖಾರ ಹೆಚ್ಚಾದರೆ ಬೆಲ್ಲ, ಸಿಹಿ ಮುಂದಾದರೆ ಹುಳಿ. ಸಾರಿಗೆ ಸರಿ. ಔಷಧಕ್ಕೂ ಇದೇ ಲೆಕ್ಕ ಅಂದರೆ? ಮಗಳಿಗೆ ಕೆಮ್ಮಿನ ಸಿರಪ್ಪು ತಂದ ದಿನ ಮಾವ ಒಂದು ತೊಟ್ಟು ನಾಲಿಗೆಗಿಟ್ಟು ಮುಖ ಕಿವುಚಿದರು. ಮರುದಿನ ಅದನ್ನು ಕುಡಿದ ಮಗಳು ಕಣ್ಣರಳಿಸಿ ಓಡಿದಳು. ಸೀಸೆಯೊಳಗೆ ನಿಂಬೆರಸ, ಕಾಳುಮೆಣಸಿನ ಪುಡಿ!

"ಎಂತ ಮಾಡಿದ್ರಿ ಮಾವ?"

"ಬರೀ ಸೀ ಇದ್ದಿತ್ ಮಾರಾಯ್ತಿ. ಈಗ ಕಾಣ್, ಬಾಯಿಗ್ ಇಡ್ಲಕ್ಕ್."

ಒಗ್ಗರಣೆ ಹಾಕಲಿಲ್ಲವಲ್ಲ, ಅದೇ ಪುಣ್ಯ!

ಇಂಥವರಿಗೆ ಸಕ್ಕರೆ ಕಾಯಿಲೆ ಬರಬೇಕೇ? ಡಾಕ್ಟರು ಕೊಟ್ಟ ಮಾತ್ರೆಯನ್ನು ನುಂಗಿದರು, ನಂಬಲಿಲ್ಲ.

"ಮೈಯಂಗೆ ಸಿಹಿ ಹೆಚ್ಚಾದ್ದಲ್ದಾ ಹೆಣೆ? ಹಾಂಗಾರೆ ಹುಳಿ ಹಾಕ್ಕ್. ಅಷ್ಟೂ ಗೊತ್ತಿಲ್ಯಾ ಆ ಡಾಕ್ಟ್ರಿಗೆ?"

ಹಿತ್ತಲಲ್ಲಿ ಬಿಂಬುಳಿ ಮರ, ಕಾಂಡದ ತುಂಬ ಜೋತುಬಿದ್ದ ಕಾಯಿ. ಒಂದು ಕಚ್ಚಿದರೆ ಹಲ್ಲು ಜುಮ್ಮೆನ್ನುವ ಹುಳಿ. ಮಾವ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದರ ರಸವನ್ನು ಲೋಟ ತುಂಬ ಹಿಂಡಿ ಗಟಗಟ ಕುಡಿಯತೊಡಗಿದರು. ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು, ಕಿವಿ ಅಲ್ಲಾಡುತ್ತಿತ್ತು!

ಕೆಲವು ದಿನಗಳಲ್ಲಿ ಊಟ ಸೇರದಾಯಿತು, ಪಾದ ಊದಿತು. ಮೂತ್ರ ಕಡಿಮೆಯಾದದ್ದನ್ನು ನಾಚಿಕೆಯಿಂದ ಹೇಳಲೇ ಇಲ್ಲ. ಒಂದು ಬೆಳಿಗ್ಗೆ ನನ್ನ ಒಗ್ಗರಣೆ ಸೀದದ್ದಕ್ಕೆ ಬಯ್ಯುತ್ತಾ ಬಯ್ಯುತ್ತಾ ಬೆವರಿ ನೆಲಕ್ಕೆ ಕುಸಿದರು. ಅವರ ಬೈಗುಳ ಅರ್ಧಕ್ಕೆ ನಿಂತದ್ದು ಅದೇ ಮೊದಲು. ನನಗೆ ಜೀವ ಹಾರಿದ್ದೇ ಅದರಿಂದ!

ಪಕ್ಕದ ಮನೆಯ ರಿಕ್ಷಾ ಇನ್ನೂ ಬಾಡಿಗೆಗೆ ಹೊರಟಿರಲಿಲ್ಲ, ದೇವರು ದೊಡ್ಡವನು. ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ರಸದ ಕತೆಯನ್ನು ನಾನು ಮೊದಲೇ ಒಪ್ಪಿಸಿದ್ದೆ; ಮಾವನಿಗೆ ಎಚ್ಚರವಾದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು:

"ಬಿಂಬುಳಿಯಲ್ಲಿ ಆಕ್ಸಲೇಟ್ ಅಂತ ಇದೆ ಅಜ್ಜ. ಸಾರಿಗೆ ಒಂದೆರಡು ಕಾಯಿ ಬೇರೆ, ಲೋಟಗಟ್ಟಲೆ ರಸ ಬೇರೆ. ಅದು ಕಿಡ್ನಿಯಲ್ಲಿ ಹರಳಾಗಿ ಕೂತಿದೆ. ನಿಮ್ಮ ಶುಗರ್ ಮಾತ್ರೆ ಕೆಲಸ ಮುಗಿಸಿ ಹೊರಗೆ ಹೋಗೋದೂ ಅದೇ ದಾರಿಯಲ್ಲಿ. ದಾರಿ ಕಟ್ಟಿತು. ನಿನ್ನೆಯ ಮಾತ್ರೆ ಹೋಗಲಿಲ್ಲ, ಇವತ್ತಿನದೂ ಬಂತು. ಎಲ್ಲ ಸೇರಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸಿದವು."

ಮಾವ ತಲೆ ಮೇಲೆ ತೂಗುತ್ತಿದ್ದ ಬಾಟಲಿ ನೋಡಿದರು. "ಇದ್ರಂಗೆ ಎಂತ ಇತ್ತ್?"

"ಸಕ್ಕರೆ ನೀರು."

"ಕಾಣ್ ಹೆಣೆ! ಡಾಕ್ಟ್ರೂ ನನ್ ಹಾಂಗೇ. ಸಿಹಿ ಕಮ್ಮಿ ಆಯ್ತ್ ಅಂದೇಳಿ ಸಕ್ರಿ ಹಾಕಿರ್!"

ಡಾಕ್ಟರು ನಗಬೇಕೋ ಬಯ್ಯಬೇಕೋ ತಿಳಿಯದೆ ಚೀಟಿ ಬರೆದರು.

ಕಿಡ್ನಿ ತೆರೆಯದಿದ್ದರೆ ಡಯಾಲಿಸಿಸ್ ಎಂದಿದ್ದರು. ಮರುದಿನ ಮಂಚದ ಪಕ್ಕದ ಚೀಲಕ್ಕೆ ಮೂತ್ರ ಇಳಿಯತೊಡಗಿದ್ದೇ ತಡ, ಆನೆಗುಡ್ಡೆ ಗಣಪನಿಗೆ ಪಂಚಕಜ್ಜಾಯ ಹೇಳಿಕೊಂಡೆ. ಮದುವೆಗೆ, ಪರೀಕ್ಷೆಗೆ ಹರಕೆ ಹೇಳುವವರುಂಟು; ಇದಕ್ಕೆ ಹೇಳಿದವಳು ನಾನೊಬ್ಬಳೇ ಇರಬೇಕು!

ಅಷ್ಟರಲ್ಲಿ ಡಾಕ್ಟರು ಬಂದು ಕೇಳಿದರು: "ಮನೆಯಲ್ಲಿ ಬೇರೆ ಯಾರಾದ್ರೂ ಈ ರಸ ಕುಡಿದಿದ್ದೀರಾ?"

ಮಾವನ ಮುಖ ಬಿಳುಚಿತು. ನನ್ನ ಸಕ್ಕರೆಯೂ ಗಡಿ ಮುಟ್ಟಿದೆಯೆಂದು ದಿನಾ ನನಗೂ ಅರ್ಧ ಲೋಟ ಹಿಂಡಿ ಒಲೆಕಟ್ಟೆಯ ಮೇಲೆ ಮುಚ್ಚಿಡುತ್ತಿದ್ದರು. ಸೂಜಿ ಚುಚ್ಚಿದ ಕೈಯನ್ನೇ ಊರಿ ಏಳಹೊರಟರು.

"ಹ್ವಾಯ್ ಡಾಕ್ಟ್ರೇ, ನನ್ನ್ ಬಿಡಿ. ಇವ್ಳನ್ನ್ ಕಾಣಿ, ಇವ್ಳನ್ನ್! ಕುಡಿ ಅಂದದ್ದ್ ನಾನೇ."

"ನಾನ್ ಕುಡಿಲಿಲ್ಲ ಮಾವ. ದಿನಾ ಬಾಳೆ ಬುಡಕ್ಕ್ ಚೆಲ್ತಿದ್ದೆ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಕತ್ತೆತ್ತಿ ನೋಡಿದರೆ ನಳಿಗೆಗಳ ನಡುವೆ ಹೇಗೋ ಎರಡೂ ಕೈ ಸೇರಿಸಿ ಮುಗಿಯುತ್ತಿದ್ದರು. ದೇವರಿಗೋ ನನಗೋ, ತಿಳಿಯಲಿಲ್ಲ.

"ಚೆಲ್ಲಿದ್ಯಾ?" ಎಂದರು. "ನಾನ್ ಬದ್ಕಿದೆ ಮಗಾ."