‘ಎಷ್ಟು ಉಳದೈತಿ’ ಎಂದು ಕೇಳುವ ಪ್ರಾಣಿ

ದೆವ್ವಗಳನ್ನು ವಾದದಲ್ಲಿ ಸೋಲಿಸುವುದು ಬಹಳ ಸುಲಭ. ಅವು ಮರುವಾದ ಮಂಡಿಸುವುದಿಲ್ಲ. ಸಮಯ ಮುಗಿದ ಮೇಲೂ ಮೈಕು ಹಿಡಿದು ನಿಲ್ಲುವುದಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ‘ಭೂತಪ್ರೇತಗಳಿಲ್ಲ’ ಎಂದು ಒಂದು ವರ್ಷ, ‘ಇವೆ’ ಎಂದು ಇನ್ನೊಂದು ವರ್ಷ ಮಾತಾಡಿ ಎರಡು ಸಲವೂ ಕಪ್ ತಂದಿದ್ದೆ. ಹೀಗಾಗಿ ಈ ವಿಷಯದಲ್ಲಿ ನನ್ನ ಅಧಿಕಾರವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ಆಗ ನಾವು ಗೆಳೆಯರು ಸೇರಿ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆವು. ಕತ್ತಿ, ಕೋಟೆ, ಮಾಯಾಕಾಡು ಎಲ್ಲ ಇರುವ ಆಟ. ಅದರ ಹೊಸ ಭಾಗಕ್ಕೆ ಎಂಥ ವಿಚಿತ್ರ ಪ್ರಾಣಿಗಳು ಬೇಕು, ನೀವೇ ಹೇಳಿ ಎಂದು ಆಟದವರು ಆಡುವವರನ್ನು ಕೇಳಿದ್ದರು. ಮುಧೋಳದ ಗೆಳೆಯ ತಮ್ಮೂರ ನಾಯಿಗೆ ರೆಕ್ಕೆ ಹಚ್ಚಿದ. ಹಿಪ್ಪರಗಿಯವನು ಬ್ಯಾರೇಜಿನ ಮೊಸಳೆಗೆ ಹೆಣ್ಣಿನ ದನಿ ಕೊಟ್ಟ. ಎರಡನ್ನೂ ನಾನು ಅಂಶವಾರು ಖಂಡಿಸಿದೆ. ಅಷ್ಟು ಓಡುವ ನಾಯಿಗೆ ರೆಕ್ಕೆ ಯಾಕೆ ಬೇಕು? ಮಾತಾಡುವ ಮೊಸಳೆಗಿಂತ ಸುಮ್ಮನಿರುವ ಮೊಸಳೆಯೇ ಹೆಚ್ಚು ಭಯಂಕರವಲ್ಲವೇ? ಭಯ ಕಾಡಿನಿಂದ ಬರಬಾರದು, ದಿನಾ ಕೂಡುವ ಜಾಗದಿಂದ ಬರಬೇಕು ಎಂದು ಸಿದ್ಧಾಂತ ಹೂಡಿ, ಅಂಥದೊಂದು ಪ್ರಾಣಿಯನ್ನು ನಾನೇ ಕೊಡುತ್ತೇನೆ ಎಂದು ಘೋಷಿಸಿದೆ.

ಅದಕ್ಕೆ ಬೇಕಾದ ಜಾಗ ನಮ್ಮ ಮನೆಯಲ್ಲೇ ಇತ್ತು. ನಮ್ಮದು ಬನಹಟ್ಟಿಯ ನೇಕಾರ ಮನೆ. ಮುಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್, ಹಿಂದಿನ ಕತ್ತಲೆ ಕೋಣೆಯಲ್ಲಿ ಒಂದೇ ಒಂದು ಕುಣಿ ಮಗ್ಗ. ನೆಲದಲ್ಲಿ ಒಂದು ಗುಂಡಿ; ನೇಯುವವರು ಅಂಚಿನ ಮೇಲೆ ಕೂತು, ಕಾಲನ್ನು ಅದರೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಮಡಿಲ ಮೇಲೆ ಬಟ್ಟೆ ಹರಡಿರುವುದರಿಂದ ತಮ್ಮ ಕಾಲು ತಮಗೇ ಕಾಣುವುದಿಲ್ಲ.

ಆ ಮಗ್ಗದ ಮೇಲೆ ಆಗ ಏರಿದ್ದದ್ದು ಕಾಕಾನ ಮಗಳು ಸಾವಿತ್ರಿಯ ಮದುವೆ ಸೀರೆ. ನಮ್ಮ ಮನೆಯ ಹೆಣ್ಣುಮಕ್ಕಳು ಮುಹೂರ್ತದ ಅಕ್ಕಿಕಾಳಿಗೆ ನಿಲ್ಲುವಾಗ ಅದೇ ಮಗ್ಗದಲ್ಲಿ ನೇಯ್ದ ಸೀರೆ ಉಡಬೇಕು. ನೇಯುತ್ತಿದ್ದವರು ಬಸಪ್ಪ ಮಾಮಾ. ನಮ್ಮ ಓಣಿಯಲ್ಲಿ ಕುಣಿ ಮಗ್ಗಕ್ಕೆ ಇನ್ನೂ ಕೂಡುವವರು ಅವರೊಬ್ಬರೇ. ಅಷ್ಟೇ ಅಲ್ಲ, ಒಬ್ಬರು ಹಿಡಿದ ಸೀರೆಯನ್ನು ಇನ್ನೊಬ್ಬರು ಮುಗಿಸುವಂತಿಲ್ಲ. ಅಡ್ಡ ಎಳೆಯನ್ನು ಬಡಿದು ಕೂಡಿಸುವಾಗ ಒಬ್ಬೊಬ್ಬರ ಹೊಡೆತ ಒಂದೊಂದು ತೂಕ. ಕೈ ಬದಲಾದಲ್ಲಿ ಬಟ್ಟೆಯ ಮೇಲೆ ಗೆರೆ ಬೀಳುತ್ತದೆ. ಮದುವೆಗೆ ಹನ್ನೆರಡು ದಿನ ಇತ್ತು.

ನನ್ನ ಪ್ರಾಣಿಯನ್ನು ಮೊದಲು ಮಾಮಾನ ಎದುರು ಓದಬೇಕೆಂದು ನಿಶ್ಚಯಿಸಿದೆ. ಕಾಲು ಗುಂಡಿಯಲ್ಲಿರುವ ಮನುಷ್ಯ ಎದ್ದು ಹೋಗಲಾರ. ಇದಕ್ಕಿಂತ ಒಳ್ಳೆಯ ಸಭಿಕ ಯಾವ ಕಾಲೇಜಿನಲ್ಲಿ ಸಿಗುತ್ತಾನೆ?

ಮಟಮಟ ಮಧ್ಯಾಹ್ನ ಓದಿದೆ. ಈ ಪ್ರಾಣಿಗೆ ಮುಖವಿಲ್ಲ. ಗಂಜಿಯಲ್ಲಿ ಅದ್ದಿದ ನೂಲಿನ ಹಾಗೆ ತಣ್ಣಗಿನ ಎರಡು ಕೈಗಳಿವೆ. ಅದು ಇರುವುದು ಕುಣಿ ಮಗ್ಗದ ಗುಂಡಿಯಲ್ಲಿ. ಲಾಳಿಯ ಸದ್ದು ನಿಂತಾಗ ನೇಯುವವರ ಹಿಮ್ಮಡಿ ಹಿಡಿದು, ಒಂದೇ ಒಂದು ಮಾತು ಕೇಳುತ್ತದೆ: ‘ಎಷ್ಟು ಉಳದೈತಿ?’ ಉತ್ತರ ಹೇಳಿದವರ ಜಾಗಕ್ಕೆ ತಾನು ಬಂದು ಕೂಡುತ್ತದೆ.

ಮಾಮಾನ ಲಾಳಿ ನಿಂತಿತು.

“ಇದನ್ನ ನಿನಗ ಯಾರ ಹೇಳಿದ್ರು, ತಂಗಿ?”

“ಯಾರೂ ಹೇಳಿಲ್ರೀ ಮಾಮಾ. ನಾನ ಕಟ್ಟೇನಿ.”

ಅವರು ಲಾಳಿಯನ್ನು ಮಡಿಲ ಬಟ್ಟೆಯ ಮೇಲೆ ಇಟ್ಟರು. “ಹಂಗಾದ್ರ ಮೊನ್ನೆ ಕರೆಂಟ್ ಹೋದಾಗ ನನ್ನ ಕೇಳಿದ್ದು ಯಾರು?”

ಹೀಗೆಂದವರೇ ಒಂದು ಕಾಲು ಎತ್ತಿದರು, ಇನ್ನೊಂದು ಕಾಲು ಎತ್ತಿದರು, ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾಲ್ಕೂವರೆ ಮೊಳ ಉಳಿದ ಸೀರೆಯನ್ನು ನೋಡುತ್ತ ಸಾವಿತ್ರಿಯ ಅವ್ವ, ನಮ್ಮ ಕಾಕು, ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಸಾವಿತ್ರಿ ಮಾತ್ರ, ಅರ್ಧ ಸೀರಿ ನಾ ಉಡತೇನಿ, ಉಳದರ್ಧಕ್ಕ ನಿನ್ನ ಕಪ್ ಹಿಡಕೊಂಡು ನಿಲ್ಲತೇನಿ ಎಂದಳು.

ಮೂರನೆಯ ದಿನ ಮಾಮಾನ ಮನೆಗೆ ಹೋಗಿ ವಾದ ಮಂಡಿಸಿದೆ. ಗುಂಡಿಯಲ್ಲಿ ಕಾಲು ತಣ್ಣಗಾಗುವುದು ತೇವದಿಂದ. ಕರೆಂಟ್ ಹೋದಾಗ ಊರಿನ ಲೂಮುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಆಗ ಕಿವಿಯೊಳಗೆ ಏನಾದರೂ ಕೇಳಿಸಿದಂತಾಗುವುದು ಸಹಜ. ಇನ್ನು ‘ಎಷ್ಟು ಉಳದೈತಿ’ ಎಂದು ದಿನಕ್ಕೆ ಹತ್ತು ಸಲ ಕೇಳುವುದು ನಮ್ಮ ಕಾಕು. ಮಾಮಾ ಮೂರೂ ಅಂಶಗಳಿಗೆ ತಲೆದೂಗಿದರು.

“ನೀ ಹೇಳೂದೆಲ್ಲಾ ಖರೆ ಐತಿ. ನಾ ಬರೂದಿಲ್ಲ.”

ಇಂಥ ಮರುವಾದಕ್ಕೆ ನನಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಕೊನೆಯ ಸಾಕ್ಷ್ಯವೆಂದು ನನ್ನ ಹಳೆಯ ಹಾಳೆಗಳನ್ನು ತೆಗೆದೆ. ನೋಡ್ರೀ, ಮೊದಲು ಇದಕ್ಕೆ ಮೂರು ತಲೆ ಬರೆದಿದ್ದೆ, ಹೊಡೆದು ಹಾಕಿದೆ. ಆಮೇಲೆ ಬಾಲ ಬರೆದೆ, ಅದನ್ನೂ ಹೊಡೆದೆ. ಇದು ಕಟ್ಟುಕತೆ ಎನ್ನುವುದಕ್ಕೆ ಇನ್ನೇನು ಬೇಕು? ಮಾಮಾ ಹಾಳೆಗಳನ್ನು ತಿರುವಿ ನೋಡಿ ಇನ್ನಷ್ಟು ಹಿಂದೆ ಸರಿದು ಕೂತರು.

“ಅಂದ್ರ ರೂಪಾನೂ ಬದಲ ಮಾಡತೈತಿ.”

ಅವರೇ ಒಂದು ಉಪಾಯ ಹೇಳಿದರು. ಆ ಆಟ ಬೇರೆ ದೇಶದ್ದಲ್ಲವೇ? ಅದನ್ನು ಬೇಗ ಅಲ್ಲಿಗೆ ಕಳಿಸಿಬಿಟ್ಟರೆ ಮನೆ ಹಗುರಾದೀತು. ಗೆಳೆಯನಿಂದ ಇಂಗ್ಲಿಷಿಗೆ ಮಾಡಿಸಿ ಅದೇ ಸಂಜೆ ಕಳಿಸಿದೆ. ಎರಡೇ ದಿನದಲ್ಲಿ ಉತ್ತರ ಬಂತು: ಧನ್ಯವಾದಗಳು, ನಿಮ್ಮ ಪ್ರಾಣಿ ನಮ್ಮ ಆಟಕ್ಕೆ ಹೊಂದುವುದಿಲ್ಲ.

ಕಾಕು ಕೊನೆಗೂ ಬಾಯಿ ಬಿಟ್ಟರು. “ಅಂದ್ರ ಇಲ್ಲೇ ಉಳೀತಲ್ಲವಾ.”

ಉಳಿದದ್ದು ಒಂದೇ ದಾರಿ. ಗುಂಡಿಯಲ್ಲಿ ನಾನೇ ಕೂತು ತೋರಿಸುತ್ತೇನೆ, ಅದೂ ಕರೆಂಟ್ ಹೋಗುವ ಹೊತ್ತಿಗೆ. ನೀವು ಬಾಗಿಲಲ್ಲಿ ನಿಂತು ತೀರ್ಪು ಕೊಡಿರಿ ಎಂದು ಮಾಮಾನನ್ನು ಕರೆದೆ. ಬಾಗಿಲತನಕ ಬರಲು ಒಪ್ಪಿದರು. ಕಾಕು ಅವರ ಪಕ್ಕದಲ್ಲಿ ನಿಂತರು.

ಕಾಲು ಇಳಿಬಿಟ್ಟೆ. ಹೊರಗೆ ಸುಡುಬಿಸಿಲು, ಕೆಳಗೆ ಹಳೆಯ ಮಣ್ಣಿನ ತಂಪು. ಗಂಜಿಯ ಹುಳಿ ವಾಸನೆ. ಎಷ್ಟೋ ಜನ ತುಳಿದು ನುಣ್ಣಗಾದ ಹಲಗೆ ಅಂಗಾಲಿಗೆ ಹತ್ತಿತು. ಮುಂದಿನ ಶೆಡ್ಡು ಖಟಾಖಟ್ ಬಡಿಯುತ್ತಿತ್ತು. ಅದರಾಚೆಯ ಶೆಡ್ಡು, ಅದರಾಚೆಯ ಓಣಿ, ಇಡೀ ಊರು ಬಡಿಯುತ್ತಿತ್ತು. “ಮಾನ್ಯರೇ” ಎಂದು ಪ್ರಾರಂಭಿಸಿದೆ.

ಕರೆಂಟ್ ಹೋಯಿತು.

ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಸದ್ದೇ ಉಸಿರು. ಅದು ಒಮ್ಮೆಲೇ ನಿಂತರೆ ಊರೆಲ್ಲ ಕಿವಿಗೊಟ್ಟು ನಿಂತಂತೆ ಆಗುತ್ತದೆ. ನನ್ನೆದುರು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಗಾಳಿಯೇ ಇಲ್ಲದೆ ಸಣ್ಣಗೆ ನಡುಗಿದವು. ನನ್ನ ಬಳಿ ಮೂರು ವಾದಗಳಿದ್ದವು. ಮೊದಲನೆಯದು ಯಾವುದೆಂದು ನೆನಪಾಗಲಿಲ್ಲ. ಎಡಗಾಲಿನ ಕೆಳಗಿನ ಹಲಗೆ ಮೆಲ್ಲಗೆ ಕೆಳಕ್ಕೆ ಇಳಿಯಿತು. ನಾನು ತುಳಿದಿರಲಿಲ್ಲ.

“ನಾಲ್ಕೂವರೆ ಮೊಳಾ!” ಎಂದು ಕೂಗಿದೆ.

“ಯಾರ ಕೇಳಿದ್ರು ನಿನ್ನ?” ಎಂದರು ಕಾಕು.

ಯಾರೂ ಕೇಳಿರಲಿಲ್ಲ. ಆದರೆ ಆ ಹೊತ್ತಿಗೆ ನಾನು ಗುಂಡಿಯಲ್ಲಿರಲಿಲ್ಲ. ಹಾರಿ ಬಿದ್ದ ರಭಸಕ್ಕೆ ಮೊಣಕಾಲು ಹಾಸಿನ ನೂಲಿಗೆ ಬಡಿದು, ಐವತ್ತು ಅರವತ್ತು ಎಳೆ ಪಟಪಟ ಹರಿದಿದ್ದವು. ಸಾವಿತ್ರಿಯ ಸೀರೆ ಮಗ್ಗದ ಮೇಲೆ ಹಲ್ಲುದುರಿದ ಬಾಯಿಯಂತೆ ನಿಂತಿತ್ತು.

ಬಸಪ್ಪ ಮಾಮಾ ಬಾಗಿಲು ದಾಟಿ ಒಳಗೆ ಬಂದರು. ನನ್ನ ಕಡೆ ನೋಡಲಿಲ್ಲ. ಹರಿದ ಎಳೆಗಳನ್ನು ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಗುಂಡಿಗೆ ಕಾಲಿಳಿಸಿ, ಒಂದೊಂದೇ ತುದಿ ಹುಡುಕಿ ಗಂಟು ಹಾಕತೊಡಗಿದರು. ದೆವ್ವಕ್ಕೆ ಹೆದರಿದವರಿಗೆ ಎಳೆ ಹರಿದದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಒಟ್ಟಿನಲ್ಲಿ ನನ್ನ ವಾದಗಳಿಂದ ಆಗದ್ದು ನನ್ನ ಮೊಣಕಾಲಿನಿಂದ ಆಯಿತು.

ಸೀರೆ ಮುಗಿಸಲು ಒಪ್ಪಿದರು, ಆದರೆ ಕರಾರು ಹಾಕಿದರು. ಕರೆಂಟ್ ಹೋದಾಗೆಲ್ಲ ನಾನು ಗುಂಡಿಯ ಅಂಚಿಗೆ ಕೂತು, ಕರೆಂಟ್ ಬರುವತನಕ ಬಿಡುವಿಲ್ಲದೆ ಮಾತಾಡಬೇಕು.

“ನಿನ್ನ ಬಾಯಿ ನಡದ್ರ ಅದಕ್ಕ ಕೇಳಾಕ ಸಂದಿ ಸಿಗೂದಿಲ್ಲ.”

ಮಾತಾಡಿದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಾಲ ಅದು. ಹೆಣ್ಣುಮಕ್ಕಳ ಶಿಕ್ಷಣ, ಕಬ್ಬಿಗೆ ನೀರು, ಮೊಬೈಲಿನ ಲಾಭ-ಹಾನಿ, ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ. ಸದ್ದು ನಿಂತ ಊರಿನಲ್ಲಿ ನನ್ನ ದನಿಯೊಂದೇ ಗೋಡೆಗೆ ಹೋಗಿ ಬರುತ್ತಿತ್ತು. ಮಾತಿನ ನಡುವೆ ಉಸಿರು ಎಳೆದುಕೊಳ್ಳುವಾಗೆಲ್ಲ ಕೆಳಗೆ ಯಾರೋ ತಮ್ಮ ಸರದಿಗೆ ಕಾದಂತೆ ಅನಿಸುತ್ತಿತ್ತು. ಆಗ ಇನ್ನೂ ಜೋರಾಗಿ ಮಾತಾಡುತ್ತಿದ್ದೆ.

ಐದನೆಯ ದಿನ, ಒಂದು ಗೇಣು ಉಳಿದಾಗ, ‘ಆದ್ದರಿಂದ’ ಎಂಬಲ್ಲಿಗೆ ನನ್ನ ಗಂಟಲು ಕಟ್ಟಿತು. ತುಟಿ ಆಡುತ್ತಿವೆ, ದನಿಯಿಲ್ಲ. ಕರೆಂಟೂ ಇಲ್ಲ. ಗಾಬರಿಯಿಂದ ಮಾಮಾನ ತೋಳು ಹಿಡಿದೆ. ಅವರು ತಲೆ ಎತ್ತದೆ ಲಾಳಿ ಎಳೆದರು.

“ಇರಲಿ ಬಿಡು, ತಂಗಿ. ಐದ ದಿನಾ ನಿಂದ ಕೇಳೇನಿ. ನಿನಗಿಂತ ಅದ ಛಲೋ. ಒಂದ ಮಾತ ಕೇಳತೈತಿ.”

ಕೊನೆಯ ಗೇಣನ್ನು ಅವರು ನೇಯ್ದದ್ದು ಪೂರ್ತಿ ಮೌನದಲ್ಲಿ. ನಾನು ಕಾಲು ಮಡಚಿಕೊಂಡು ಗೋಡೆಗೆ ಒರಗಿ ಕೂತಿದ್ದೆ. ಸಾವಿತ್ರಿ ಅದೇ ಸೀರೆ ಉಟ್ಟು ಅಕ್ಕಿಕಾಳಿಗೆ ನಿಂತಳು. ಈಗಲೂ ಯಾರಾದರೂ ಬಂದರೆ ಕಾಕು ಆ ಸೀರೆ ಬಿಚ್ಚಿ ತೋರಿಸುತ್ತಾರೆ. ಉದ್ದಕ್ಕೂ ಬೆರಳಾಡಿಸಿ, ಆ ಕೊನೆಯ ಗೇಣಿನ ಹತ್ತಿರ ನಿಲ್ಲಿಸಿ, ಇಡೀ ಸೀರೆಯಲ್ಲಿ ಹೊಡೆತ ಇಷ್ಟು ಸಮ ಬಿದ್ದಿರುವುದು ಇಲ್ಲಿ ಮಾತ್ರ ಎನ್ನುತ್ತಾರೆ.