ಬೇರೆಯವರ ಪ್ರೋಗ್ರಾಮಿನ ತಪ್ಪುಗಳು

ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರ ಕೈಗೆ ಕೊಟ್ಟು ತಪ್ಪು ಹೇಳಿ ಅಂದರೆ, ಪ್ರೋಗ್ರಾಮ್ ಓಡಲಿ ಬಿಡಲಿ, ಅಲ್ಲಿ ಏನಾದರೊಂದು ನಡೆದೇ ನಡೆಯುತ್ತೆ. ಶಿವಮೊಗ್ಗದ ಕೋಟೆ ಹತ್ತಿರ, ಪಾತ್ರೆ ಅಂಗಡಿ ಮಹಡಿಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸು. ಭಾನುವಾರ ಬೆಳಿಗ್ಗೆ ದೊಡ್ಡವರ ಬ್ಯಾಚು. ನಾನು ಕೊಟ್ಟ ಅಭ್ಯಾಸಕ್ಕೆ ಅವರು ಮನೆಯಲ್ಲಿ ಪ್ರೋಗ್ರಾಮ್ ಬರೆದು ತರ್ತಾರೆ. ಆಮೇಲೆ ಒಬ್ಬರದನ್ನು ಇನ್ನೊಬ್ಬರು ವಿಮರ್ಶೆ ಮಾಡಬೇಕು.

೧. ಮೊದಲು ಒಳ್ಳೆಯದು

ಮೊದಲ ವಾರವೇ ಇಬ್ಬರು ಮಾತು ಬಿಟ್ಟರು. ಅದಕ್ಕೆ ನಿಯಮ ಮಾಡಿದೆ: ಮೊದಲು ಒಂದು ಒಳ್ಳೆಯ ಅಂಶ ಹೇಳಬೇಕು, ತಪ್ಪು ಆಮೇಲೆ.

ಮುಂದಿನ ವಾರ ಬ್ಯಾಂಕ್ ಅಧಿಕಾರಿಯೊಬ್ಬರು ಪಕ್ಕದವರ ಹಾಳೆಯನ್ನು ಹತ್ತು ನಿಮಿಷ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಅಕ್ಷರ ದುಂಡಗಿದೆ" ಅಂದರು.

"ಸರ್, ಅದು ಪ್ರಿಂಟು" ಅಂದೆ.

"ಗೊತ್ತು ಮಾರಾಯ್ರೆ. ಅದು ಬಿಟ್ಟು ಬೇರೇನೂ ಸಿಗಲಿಲ್ಲ."

೨. ದೂರ ನಿಲ್ಲಿ

ಭದ್ರಾವತಿ ನ್ಯೂ ಟೌನಿನಿಂದ ಬರುವ ಒಬ್ಬರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕೊಟ್ಟ ಸಂಖ್ಯೆ ಸಮವೋ ಬೆಸವೋ ಹೇಳುವ ಪ್ರೋಗ್ರಾಮ್ ಬರೀರಿ ಅಂದಿದ್ದೆ. ಉಳಿದವರದು ನಾಲ್ಕೈದು ಸಾಲು. ಇವರದು ಎರಡು ಪುಟ.

ಓಡಿಸಿದೆ. ತೆರೆಯ ಮೇಲೆ ಪ್ರಶ್ನೆ ಬಂತು: "ಎಲ್ಲರೂ ದೂರ ನಿಂತಿದ್ದೀರಾ?"

ಕುತೂಹಲಕ್ಕೆ "ಇಲ್ಲ" ಅಂತ ಒತ್ತಿದೆ. "ಹಾಗಾದರೆ ಶುರು ಮಾಡಲ್ಲ" ಅಂತ ಬಂದು ಪ್ರೋಗ್ರಾಮ್ ನಿಂತುಹೋಯಿತು.

"ಇದು ಯಾಕೆ ಬೇಕು ಸರ್? ಎರಡರಿಂದ ಭಾಗಿಸೋದು ಅಷ್ಟೇ ಅಲ್ವಾ?" ಅಂತ ಬ್ಯಾಂಕಿನವರು ಕೇಳಿದರು.

"ಸರ್ವಿಸ್ ಪೂರ್ತಿ ಮೆಷಿನ್ ಶುರು ಮಾಡೋ ಮುಂಚೆ ಕೇಳಿದ್ದೀನಿ. ನನ್ನ ಶಿಫ್ಟಲ್ಲಿ ಒಬ್ಬರ ಬೆರಳೂ ಹೋಗಿಲ್ಲ."

ವಿಮರ್ಶೆ ಅಲ್ಲಿಗೆ ಮುಗಿಯಿತು. ಅವರ ಪ್ರೋಗ್ರಾಮಿನಿಂದ ಇವತ್ತಿನವರೆಗೂ ಯಾರಿಗೂ ಗಾಯ ಆಗಿಲ್ಲ.

೩. ಇಬ್ಬರ ವಿಮರ್ಶೆ

ಬ್ಯಾಂಕಿನವರಿಗೂ ಬ್ಯಾಚಿನಲ್ಲಿದ್ದ ಕಾಲೇಜು ಮೇಷ್ಟ್ರಿಗೂ ಆಗಿಬರುತ್ತಿರಲಿಲ್ಲ. ಒಂದು ವಾರ, ಹೆಸರುಗಳ ಪಟ್ಟಿಯಲ್ಲಿ ಎರಡು ಸಲ ಬಂದ ಹೆಸರು ಹುಡುಕುವ ಅಭ್ಯಾಸ. ಇಬ್ಬರ ಹಾಳೆಗಳನ್ನೂ ಅದಲು ಬದಲು ಮಾಡಿ ಕೊಟ್ಟೆ.

ಮೇಷ್ಟ್ರು ಎದ್ದರು. ಒಳ್ಳೆಯ ಅಂಶದ ನಿಯಮ ಅವರಿಗೆ ನೆನಪಾಗಲಿಲ್ಲ. "ಪಟ್ಟಿ ಖಾಲಿ ಇದ್ದರೆ ಇದು ಕೈಕೊಡುತ್ತೆ. ಬರೆದವರು ತಲೆ ಉಪಯೋಗಿಸಿಲ್ಲ!"

ಆಮೇಲೆ ಬ್ಯಾಂಕಿನವರು. "ಒಂದೇ ಕೆಲಸವನ್ನ ಮೂರು ಸಲ ಮಾಡಿದ್ದಾರೆ. ಇವರ ಹತ್ತಿರ ಪಾಠ ಕೇಳೋ ಮಕ್ಕಳ ಗತಿ ಏನು?"

ಎರಡೂ ಹಾಳೆ ಇಸಕೊಂಡು ಪಕ್ಕ ಪಕ್ಕ ಇಟ್ಟೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಕಾಗುಣಿತದ ತಪ್ಪೂ ಸೇರಿ, ಎರಡೂ ಒಂದೇ.

"ಎರಡೂ ಒಂದೇ ಪ್ರೋಗ್ರಾಮ್ ಸರ್" ಅಂದೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇರಬಹುದು. ಆದರೆ ನಾನು ಅದನ್ನ ಬೇಕಂತಲೇ ಹಾಗೆ ಬರೆದಿದ್ದೆ."

ಹಿಂದಿನ ಬೆಂಚಿನಲ್ಲಿ ಹೊಳೆಹೊನ್ನೂರಿನ ಟೈಲರ್ ಹೆಂಗಸು ಅಷ್ಟು ಹೊತ್ತೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಬ್ಯಾಚಿನಲ್ಲೇ ಕಡಿಮೆ ಮಾತು ಅವರದು. ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತರು.

"ಇಬ್ಬರೂ ಹೇಳಿದ್ದು ಬರ್ಕೊಂಡಿದ್ದೀನಿ ಸರ್. ಮುಂದಿನ ವಾರ ಇವರಿಬ್ಬರಿಗೂ ಬರೆದು ಕೊಡೋವಾಗ ಸರಿಮಾಡಿ ಕೊಡ್ತೀನಿ."