ಕಾದಂಬರಿಗೆ ನಲವತ್ತು ದಿನದ ರಜೆ

ನೀರಿನ ಮೀಟರ್ ಕಚೇರಿಯ ದೂರು ಗುಮಾಸ್ತರು ಕಡೆಗೂ ಕಾದಂಬರಿ ಬರೆದು ಮುಗಿಸಿದ್ದರು. ನಲವತ್ತು ದಿನ ಅದನ್ನು ಮುಟ್ಟದೆ ಇಟ್ಟು, ಕಾವು ಆರಿದ ಮೇಲೆ ತಿದ್ದಬೇಕೆಂದು ಅವರ ನಿರ್ಧಾರ. ಮನೆಯಲ್ಲಿಟ್ಟರೆ ತಮ್ಮ ಕೈ ಸುಮ್ಮನಿರುವುದಿಲ್ಲ, ಹೆಂಡತಿಯ ಕಣ್ಣೂ ಸುಮ್ಮನಿರುವುದಿಲ್ಲ. ಹಾಗಾಗಿ ಹಸ್ತಪ್ರತಿಗೆ ಕಡತದ ರಟ್ಟು ಹಾಕಿ, ದಾರ ಬಿಗಿದು, ಕಚೇರಿಯ ಬಾಕಿ ಕಡತಗಳ ಕಪಾಟಿನಲ್ಲಿ ಮಲಗಿಸಿದರು. ಆ ಕಪಾಟಿನಿಂದ ಒಂದು ಕಾಗದ ಕದಲಿದ್ದನ್ನು ಅವರ ಸರ್ವಿಸಿನಲ್ಲೇ ಯಾರೂ ಕಂಡಿರಲಿಲ್ಲ.

ಮೂವತ್ತೊಂದನೆಯ ದಿನ ಬೆಳಿಗ್ಗೆ ನೋಡಿದರೆ ಕಪಾಟು ಖಾಲಿ ಹೊಡೆಯುತ್ತಿತ್ತು.

ಗುಮಾಸ್ತರು ಕಪಾಟಿನ ಹಿಂದೆ, ಅಡಿಯಲ್ಲೆಲ್ಲ ತಡಕಾಡಿದರು. ಹನ್ನೆರಡನೆಯ ಅಧ್ಯಾಯದಲ್ಲಿ ದಪ್ಪ ಮೂಗಿನ, ಮಾತಿಗೊಮ್ಮೆ 'ಗೊತ್ತಾಯ್ತಾ?' ಎನ್ನುವ ಸಾಹೇಬನೊಬ್ಬ ನೀರಿನ ತೊಟ್ಟಿಗೆ ಬಿದ್ದು ಸಾಯುತ್ತಾನೆ. ಒಳಕೋಣೆಯ ಸಾಹೇಬರಿಗೂ ಅಂಥದ್ದೇ ಮೂಗು, ಅದೇ 'ಗೊತ್ತಾಯ್ತಾ?'. ತಿದ್ದುವಾಗ ಬದಲಿಸಿದರಾಯಿತೆಂದು ಬಿಟ್ಟಿದ್ದರು. ಈಗ ನೌಕರಿಗೇ ಸಂಚಕಾರ.

ಟೈಪಿಸ್ಟ್ ಇವರನ್ನು ನೋಡಿ ನಕ್ಕಳು. ದಿನಾ ನಗುತ್ತಾಳೆ, ಆದರೆ ಇವತ್ತಿನದು ಓದಿದವಳ ನಗು ಅನ್ನಿಸಿತು.

"ಕಪಾಟಲ್ಲಿದ್ದ ಕಡತ ಯಾರಮ್ಮ ತಗೊಂಡ್ರು?"

"ಯಾಕೆ ಸಾರ್, ಅದ್ರಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ!"

"ಏನೂ ಇಲ್ದೇನೇ ಹಿಂಗ್ ಬೆವರ್ತಿದೀರಾ?" ಎಂದರು ಪಕ್ಕದ ಮೇಜಿನವರು, ಕನ್ನಡಕದ ಮೇಲಿಂದ ಇಣುಕಿ. ಇವನೂ ಓದಿದ್ದಾನೆ, ಹನ್ನೆರಡನೆಯ ಅಧ್ಯಾಯವನ್ನಂತೂ ಎರಡು ಸಲ ಓದಿದ್ದಾನೆ ಎಂದುಕೊಂಡರು ಗುಮಾಸ್ತರು. ನೀರು ಕುಡಿಯಲು ಹೋದರೆ ಮುದಿ ಜವಾನ, "ಹುಷಾರು ಸಾರ್, ತೊಟ್ಟಿ ಹತ್ರ ಜಾರತ್ತೆ" ಅಂದ. ಅಯ್ಯೋ, ಜವಾನನೂ!

ಅಷ್ಟರಲ್ಲಿ ಸಾಹೇಬರಿಂದ ಕರೆ ಬಂತು. ಅವರ ಮೇಜಿನ ಮೇಲೆ ಅದೇ ರಟ್ಟು, ಅದರ ಮೇಲೆ ಸಾಲಾಗಿ ಆರು 'ಪರಿಶೀಲಿಸಿದೆ', ಆರು ಸಹಿ.

"ಸಾರ್, ಆ ಮೂಗು ನಿಮ್ದಲ್ಲ! ತೊಟ್ಟಿಗೆ ಬೀಳೋ ಸಾಹೇಬ್ರೂ ನೀವಲ್ಲ! ಹೆಂಡ್ತಿ ಮಕ್ಳಿರೋನು ಸಾರ್ ನಾನು!"

ಸಾಹೇಬರು ಪಿಳಿಪಿಳಿ ಕಣ್ಣುಬಿಟ್ಟರು. "ಏನ್ರೀ ಇದು? ತಪಾಸಣೆ ಬರತ್ತೆ ಅಂತ ಕಪಾಟು ಖಾಲಿ ಮಾಡ್ಸಿದ್ದು. ಕೊನೇ ಹಾಳೇಲಿ ನಿಮ್ ಸಹಿ ಇಲ್ಲ, ಅದಕ್ಕೆ ಕರೆದೆ. ಇದನ್ನ ಯಾರು ಓದ್ತಾರೆ? ನಾನೂ ಓದಿಲ್ಲ. ಗೊತ್ತಾಯ್ತಾ?" ಆಮೇಲೆ ನಿಧಾನವಾಗಿ ಕಡತವನ್ನು ಹತ್ತಿರ ಎಳೆದುಕೊಂಡರು. "ಮೂಗು ಅಂದ್ರಾ? ಸಹಿ ಹಾಕಿ, ಹೊರಗಿರಿ."

ಗುಮಾಸ್ತರು ಸಹಿ ಹಾಕಿ, ತಮ್ಮ ಬಾಯಿಗೆ ತಾವೇ ಶಾಪ ಹಾಕುತ್ತಾ ಬಂದು ಕೂತರು. ಸಂಜೆವರೆಗೂ ಒಳಗಿನಿಂದ ಹಾಳೆ ಮಗುಚುವ ಸದ್ದು ಕೇಳಿಸುತ್ತಿತ್ತು.

ಐದು ಗಂಟೆಗೆ ಸಾಹೇಬರು ಹೊರಬಂದರು. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು.

"ಭೇಷ್! ನಾನಲ್ಲ ಅಂದ್ರಲ್ಲ, ನಿಜ ರೀ. ಇದು ನಮ್ ದೊಡ್ಡ ಸಾಹೇಬ್ರೇ! ಮಾತುಮಾತಿಗೂ ಹಂಗನ್ನೋ ಚಟ ಅವ್ರಿಗೇ ಇರೋದು. ಗೊತ್ತಾಯ್ತಾ?"

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಕೊಡಿ ಸಾರ್, ಮನೆಗೆ ತಗೊಂಡ್ ಹೋಗ್ತೀನಿ."

"ಇನ್ನೆಲ್ಲಿದೆ? ಯಾರಾದ್ರೂ ಅವ್ರಿಗೆ ಇದನ್ನ ಹೇಳ್ಲೇಬೇಕಿತ್ತು. ಈಗ್ತಾನೆ ಅವ್ರ ಮೇಜಿಗೆ ಕಳಿಸ್ದೆ. ನಮ್ ಬಗ್ಗೆ ಯೋಚ್ನೆ ಮಾಡ್ಬೇಡಿ, ರಟ್ಟು ಬದಲಾಯಿಸಿದೀನಿ. ಈಗ ಅದ್ರಲ್ಲಿರೋದು ನಿಮ್ ಸಹಿ ಒಂದೇ."